ಮನೆಯ ಬೀಜದ ಮಾರಾಟ: ಕಾಯ್ದೆಯ ಗೆರೆ ಎಲ್ಲಿದೆ?

(ಬೀಜೋತ್ಪಾದನೆ ಕುರಿತ ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆಯ ಅರ್ಥವನ್ನು ಬೇಸಾಯಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಹೇಗೋ ಬೆಳೆಯೂ ಹಾಗೆ. ಆದುದರಿಂದಲೇ ಕಣದಲ್ಲಿ ರಾಶಿ ಮಾಡುವ ಮೊದಲು ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆ ತೆಗೆದಿರಿಸುವ ಪದ್ಧತಿ ಹಿಂದಿನಿಂದಲೂ ನಡೆದು ಬಂದಿದೆ. ಮನೆಯ ಹೆಂಗಸರು ಅದನ್ನು ಚೆನ್ನಾಗಿ ಒಣಗಿಸಿ, ಬೂದಿ ಅಥವಾ ಬೇವಿನ ಸೊಪ್ಪು ಬೆರೆಸಿ, ಮುಂದಿನ ಮಳೆಗಾಲದವರೆಗೆ ಕಾಪಾಡುತ್ತಾರೆ. ತಮಗೆ ಸಾಕಾಗಿ ಮಿಕ್ಕಿದ್ದನ್ನು ನೆರೆಯವರಿಗೆ ಕಾಳಿಗೆ ಕಾಳು ಬದಲಾಗಿಯೋ ಹಣಕ್ಕೋ ಕೊಡುವುದೂ ವಾಡಿಕೆಯೇ.

ಈ ವಾಡಿಕೆಯ ಬಗ್ಗೆ ಇತ್ತೀಚೆಗೆ ಅನೇಕ ರೈತರಲ್ಲಿ ಸಂಶಯ ಮೂಡಿದೆ. "ಪರವಾನಗಿ ಇಲ್ಲದೆ ಬೀಜ ಮಾರಿದರೆ ಕೇಸು ಆಗುತ್ತದೆಯಂತೆ, ನಿಜವೇ?" ಎಂಬ ಪ್ರಶ್ನೆ ತರಬೇತಿ ಶಿಬಿರಗಳಲ್ಲಿ ಕೇಳಿಬರುವುದುಂಟು. ಪ್ರಶ್ನೆಗೆ ಕೆಲವರು "ಬೀಜ ಮಾರುವ ಗೋಜೇ ಬೇಡ" ಎಂದು ಉತ್ತರಿಸುತ್ತಾರೆ. ಇನ್ನು ಕೆಲವರು "ನಮ್ಮ ಬೀಜ ನಮ್ಮಿಷ್ಟ" ಎನ್ನುತ್ತಾರೆ. ಎರಡು ಉತ್ತರಗಳೂ ಪೂರ್ತಿ ಸರಿಯಲ್ಲ. ಕಾಯ್ದೆಯು ರೈತನಿಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ, ಮತ್ತೊಂದನ್ನು ಮುಚ್ಚಿದೆ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ನೆರೆಯವನ ಬೀಜ ಏಕೆ ಬೇಕು?

ಒಂದು ಎಕರೆ ರಾಗಿ ಬಿತ್ತಲು ಸುಮಾರು 5 ಕಿಲೋ ಬೀಜ ಸಾಕು. ಒಂದು ಕ್ವಿಂಟಾಲ್ ರಾಗಿ ಬೀಜ 20 ಎಕರೆಗೆ ಆಗುತ್ತದೆ. ಆದುದರಿಂದ ರಾಗಿಯ ಹೊಸ ತಳಿ ಊರಿನ ಒಬ್ಬ ರೈತನ ಹೊಲಕ್ಕೆ ಬಂದರೆ ಎರಡು ಮೂರು ವರ್ಷಗಳಲ್ಲಿ ಇಡೀ ಹೋಬಳಿಗೆ ಹರಡುವುದು ಸಾಧ್ಯ. 1970ರ ದಶಕದಲ್ಲಿ ಮಂಡ್ಯದಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ರೂಪಿಸಿದ ಇಂಡಾಫ್ ತಳಿಗಳು ಹಳ್ಳಿಹಳ್ಳಿಗೆ ಹರಡಿದುದರಲ್ಲಿ ರೈತನಿಂದ ರೈತನಿಗೆ ಕೈ ಬದಲಾದ ಬೀಜದ ಪಾಲು ಚಿಕ್ಕದಲ್ಲ.

ಶೇಂಗಾದ ಲೆಕ್ಕವೇ ಬೇರೆ. ಎಕರೆಗೆ 40ರಿಂದ 50 ಕಿಲೋ ಬೀಜ ಬೇಕಾಗುತ್ತದೆ. ಮಳೆಯಾಶ್ರಯದಲ್ಲಿ ಒಂದು ಎಕರೆಯಲ್ಲಿ ಬೆಳೆದ ಕಾಯಿ ಮರುವರ್ಷ ಎಂಟು ಹತ್ತು ಎಕರೆಗಿಂತ ಹೆಚ್ಚು ಭೂಮಿಗೆ ಸಾಲದು. ಇಷ್ಟು ತೂಕದ, ಇಷ್ಟು ನಿಧಾನವಾಗಿ ವೃದ್ಧಿಯಾಗುವ ಬೀಜವನ್ನು ಉಗ್ರಾಣದಲ್ಲಿಟ್ಟು ದೂರದ ಊರುಗಳಿಗೆ ಸಾಗಿಸುವುದು ದುಬಾರಿಯ ಕೆಲಸ. ಹೀಗಾಗಿ ಖಾಸಗಿ ಕಂಪನಿಗಳು ಸಂಕರಣ ಮೆಕ್ಕೆಜೋಳ, ಹತ್ತಿ ಮತ್ತು ತರಕಾರಿಗಳಲ್ಲಿ ತೋರಿಸುವ ಆಸಕ್ತಿಯನ್ನು ಶೇಂಗಾದಲ್ಲಿ ತೋರಿಸುವುದಿಲ್ಲ.

ಪಾವಗಡ ಅಥವಾ ಚಳ್ಳಕೆರೆ ಕಡೆಯ ಒಬ್ಬ ಸಣ್ಣ ರೈತನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹಿಂದಿನ ವರ್ಷ ಮಳೆ ಕೈಕೊಟ್ಟು ಬೀಜಕ್ಕೆಂದು ಇಟ್ಟ ಕಾಯಿಯನ್ನೂ ಆತ ಮಾರಿಕೊಂಡಿದ್ದಾನೆ. ಈ ವರ್ಷ ಮಳೆ ಬಿದ್ದು ಭೂಮಿ ಹದವಾಗಿದೆ. ಆ ಹದ ಉಳಿಯುವುದು ಕೆಲವೇ ದಿನ. ಅಷ್ಟರೊಳಗೆ ರೈತ ಸಂಪರ್ಕ ಕೇಂದ್ರದ ದಾಸ್ತಾನು ಅವನ ಪಾಲಿಗೆ ಬರದಿದ್ದರೆ, ಉಳಿಯುವುದು ನೀರಾವರಿಯಲ್ಲಿ ಬೇಸಿಗೆ ಶೇಂಗಾ ಬೆಳೆದ ನೆರೆಯವನ ಅಟ್ಟವೊಂದೇ. ನೆರೆಯವನು ಕಾಯ್ದೆಗೆ ಹೆದರಿ ಬೀಜ ಕೊಡದಿದ್ದರೆ ಒಂದು ಹೊಲ ಬೀಳು ಬೀಳುತ್ತದೆ. ಕಾಯ್ದೆಯನ್ನು ಸರಿಯಾಗಿ ತಿಳಿಯದೆ ಹೋದರೆ ಆಗುವ ನಷ್ಟ ಇದು.

ಕಾಯ್ದೆ ಬಂದುದೇಕೆ?

1960ರ ದಶಕದಲ್ಲಿ ಬೀಜವೆಂಬುದು ಮನೆಯ ವಸ್ತುವಿನ ಜೊತೆಗೆ ಅಂಗಡಿಯ ವಸ್ತುವೂ ಆಯಿತು. 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ ಸ್ಥಾಪನೆಯಾಯಿತು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಸಂಕರಣ ಜೋಳ ಬಿಡುಗಡೆಯಾಯಿತು. ಅದರ ಹಿಂದೆಯೇ ಗಿಡ್ಡ ಭತ್ತ, ಗಿಡ್ಡ ಗೋಧಿ ಬಂದವು. ಎಲ್ಲೋ ಬೆಳೆದ ಬೀಜವನ್ನು ಯಾರೋ ಚೀಲಕ್ಕೆ ತುಂಬಿ, ಮತ್ತೆಲ್ಲೋ ಕುಳಿತ ವ್ಯಾಪಾರಿ ಮಾರತೊಡಗಿದ. ಕೊಳ್ಳುವ ರೈತ ಆ ಬೀಜದ ಹೊಲವನ್ನು ಕಂಡವನಲ್ಲ. ಕಾಳನ್ನು ನೋಡಿ ತಳಿಯನ್ನು ಹೇಳುವುದು ಪರಿಣತರಿಗೂ ಕಷ್ಟ. ಮೋಸ ತಿಳಿಯುವುದು ತೆನೆ ಬಂದ ಮೇಲೆ, ಅಂದರೆ ಹಂಗಾಮು ಕಳೆದ ಮೇಲೆ. ಇಂತಹ ವ್ಯಾಪಾರಕ್ಕೆ ಕಟ್ಟುಪಾಡು ಬೇಕೇ ಬೇಕು. ಈ ಅಗತ್ಯದಿಂದಲೇ 1966ರ ಬೀಜ ಕಾಯ್ದೆ ಹುಟ್ಟಿತು.

ಈ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ಸರಕಾರ ಅಧಿಸೂಚನೆ ಹೊರಡಿಸಿರುವ ತಳಿಯ ಬೀಜದ ವ್ಯಾಪಾರ ಮಾಡುವವರು ತಳಿಯ ಗುರುತನ್ನು ಸ್ಪಷ್ಟಪಡಿಸಬೇಕು. ಬೀಜವು ಗೊತ್ತುಪಡಿಸಿದ ಕನಿಷ್ಠ ಮೊಳಕೆ ಪ್ರಮಾಣ ಮತ್ತು ಶುದ್ಧತೆ ಹೊಂದಿರಬೇಕು. ಚೀಲದ ಮೇಲೆ ಸರಿಯಾದ ಚೀಟಿ ಇರಬೇಕು. ಮುಂದೆ 1983ರಲ್ಲಿ ಅವಶ್ಯಕ ವಸ್ತುಗಳ ಕಾಯ್ದೆಯ ಕೆಳಗೆ ಬೀಜ ನಿಯಂತ್ರಣ ಆದೇಶ ಹೊರಬಿದ್ದು, ಬೀಜ ಮಾರುವ ವ್ಯಾಪಾರಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸಲಾಯಿತು. ಬೀಜ ಪರಿವೀಕ್ಷಕರಿಗೆ ಮಾದರಿ ತೆಗೆಯುವ, ಮಾರಾಟವನ್ನು ತಡೆಹಿಡಿಯುವ ಅಧಿಕಾರ ದೊರೆಯಿತು.

ಹೊಸ್ತಿಲ ಒಳಗಿನ ಮಾರಾಟ

1966ರ ಕಾಯ್ದೆಯನ್ನು ಬರೆದವರು ಹಳ್ಳಿಯ ವಾಡಿಕೆಯನ್ನು ಮರೆತಿರಲಿಲ್ಲ. ಕಾಯ್ದೆಯ 24ನೆಯ ಕಲಮು ಚಿಕ್ಕದು. ಆದರೆ ಸಣ್ಣ ರೈತನಿಗೆ ಇಡೀ ಕಾಯ್ದೆಯಲ್ಲಿ ಅದಕ್ಕಿಂತ ಮುಖ್ಯವಾದುದು ಇಲ್ಲ. ಅದರ ತಾತ್ಪರ್ಯ ಹೀಗಿದೆ: ಒಬ್ಬನು ತಾನೇ ಬೆಳೆದ ಬೀಜವನ್ನು, ತನ್ನ ಸ್ವಂತ ಆವರಣದಲ್ಲಿ, ಬಿತ್ತನೆಗಾಗಿಯೇ ಕೊಳ್ಳುವ ಇನ್ನೊಬ್ಬನಿಗೆ ನೇರವಾಗಿ ಮಾರಿದರೆ ಅಥವಾ ಕೊಟ್ಟರೆ, ಆ ಬೀಜಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಇದರಲ್ಲಿ ನಾಲ್ಕು ಷರತ್ತುಗಳಿವೆ. ನಾಲ್ಕೂ ಒಟ್ಟಿಗೆ ಇರಬೇಕು.

1. ಬೀಜ ತಾನೇ ಬೆಳೆದುದಾಗಿರಬೇಕು. ಬೇರೆಯವರಿಂದ ಕೊಂಡು ಮಾರಿದರೆ ಅದು ವ್ಯಾಪಾರ.
2. ಮಾರಾಟ ತನ್ನ ಮನೆ, ಕಣ ಅಥವಾ ಹೊಲದಲ್ಲಿಯೇ ನಡೆಯಬೇಕು.
3. ಕೊಳ್ಳುವವನಿಗೆ ನೇರವಾಗಿ ಕೊಡಬೇಕು. ನಡುವೆ ದಲಾಲಿ ಇರಕೂಡದು.
4. ಕೊಳ್ಳುವವನು ತಾನು ಬಿತ್ತುವುದಕ್ಕಾಗಿ ಕೊಳ್ಳಬೇಕು, ಮತ್ತೆ ಮಾರುವುದಕ್ಕಲ್ಲ.

ಹೊಸ್ತಿಲು ದಾಟಿದರೆ

ಅದೇ ಚೀಲವನ್ನು ಗಾಡಿಗೆ ಹೇರಿ ಸೋಮವಾರದ ಸಂತೆಗೆ ಒಯ್ದು "ಇಂಥ ತಳಿಯ ಬಿತ್ತನೆ ಬೀಜ" ಎಂದು ಕೂಗಿ ಮಾರಿದರೆ ಪರಿಸ್ಥಿತಿ ಬದಲಾಗುತ್ತದೆ. ಬೀಜ ಅದೇ, ಬೆಳೆದವನೂ ಅವನೇ. ಆದರೆ "ಸ್ವಂತ ಆವರಣ" ಎಂಬ ಷರತ್ತು ಮುರಿದುಹೋಯಿತು. ಅಧಿಸೂಚಿತ ತಳಿಯಾದರೆ ಮೊಳಕೆ, ಶುದ್ಧತೆ, ಚೀಟಿ ಎಲ್ಲವೂ ಬೇಕಾಗುತ್ತವೆ. ಹಂಗಾಮಿನುದ್ದಕ್ಕೂ ಹೀಗೆ ಮಾರುತ್ತಿದ್ದರೆ ಅದು ವ್ಯಾಪಾರವೆನಿಸಿ ಪರವಾನಗಿಯ ಪ್ರಶ್ನೆಯೂ ಏಳುತ್ತದೆ. ಅದೇ ಫಸಲನ್ನು ಬೀಜವೆನ್ನದೆ ಕಾಳು ಎಂದು ಮಾರಿದರೆ ಬೀಜ ಕಾಯ್ದೆಯ ಮಾತೇ ಬರುವುದಿಲ್ಲ.

ಪರವಾನಗಿ ಪಡೆದೋ ಪ್ರಮಾಣೀಕರಣ ಮಾಡಿಸಿಯೋ ಮಾರಬಹುದಲ್ಲ ಎಂದು ಕೇಳಬಹುದು. ಮಾರಬಹುದು. ಆದರೆ ಪ್ರಮಾಣೀಕರಣಕ್ಕೆ ಹೊಲದ ನೋಂದಣಿ, ತಜ್ಞರಿಂದ ಕ್ಷೇತ್ರ ಪರಿವೀಕ್ಷಣೆ, ಸಂಸ್ಕರಣ ಘಟಕದಲ್ಲಿ ಶುದ್ಧೀಕರಣ, ಪ್ರಯೋಗಶಾಲೆಯ ಪರೀಕ್ಷೆ, ಚೀಟಿ ಮತ್ತು ಮುದ್ರೆ ಇಷ್ಟೂ ಬೇಕು. ಹತ್ತು ಎಕರೆಯ ಬೀಜ ಬೆಳೆಗಾರನಿಗೆ ಈ ಓಡಾಟ ಗಿಟ್ಟುತ್ತದೆ. ಇಪ್ಪತ್ತು ಗುಂಟೆಯವನಿಗೆ ಗಿಟ್ಟುವುದಿಲ್ಲ. ಕಟ್ಟುಪಾಡು ಇಬ್ಬರಿಗೂ ಒಂದೇ ಆದರೂ ಅದರ ಭಾರ ಒಂದೇ ಅಲ್ಲ.

ನಾಟಿ ತಳಿಗಳ ತೊಂದರೆ ಇನ್ನೊಂದು ಬಗೆಯದು. ಅಧಿಸೂಚಿತ ತಳಿಗೆ ಮಾತ್ರ ಪ್ರಮಾಣಪತ್ರ ದೊರೆಯುತ್ತದೆ. ರಾಜಮುಡಿಯಂತಹ ಹಳೆಯ ಭತ್ತಗಳು ಉಳಿದು ಬಂದುದು ಮುದ್ರೆಯ ಚೀಲದಿಂದಲ್ಲ, ಅವುಗಳನ್ನು ವರ್ಷವರ್ಷವೂ ಬಿತ್ತಿ ಹಂಚಿದ ಕುಟುಂಬಗಳಿಂದ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ತಮ್ಮ ಹೊಲದಲ್ಲಿ ನೂರಾರು ಭತ್ತದ ತಳಿಗಳನ್ನು ಬಿತ್ತಿ ಉಳಿಸಿಕೊಂಡು ಬಂದಿರುವುದು ಇದಕ್ಕೆ ಒಂದು ನಿದರ್ಶನ.

ತಳಿಯ ಒಡೆತನದ ಕಾಯ್ದೆ

ಇದುವರೆಗೆ ಹೇಳಿದ್ದು ಬೀಜದ ಗುಣಮಟ್ಟದ ಕಾಯ್ದೆ. ಇದರ ಜೊತೆಗೆ 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂದಿತು. ಇದು ತಳಿಯ ಒಡೆತನವನ್ನು ಕುರಿತದ್ದು. ಹೊಸ ತಳಿ ರೂಪಿಸಿದ ಸಂಸ್ಥೆ ಅಥವಾ ವ್ಯಕ್ತಿ ಅದನ್ನು ನೋಂದಾಯಿಸಿದರೆ ಅದರ ಬೀಜವನ್ನು ಉತ್ಪಾದಿಸಿ ಮಾರುವ ಹಕ್ಕು ಕೆಲವು ವರ್ಷಗಳವರೆಗೆ ಅವರದಾಗುತ್ತದೆ. ರೈತನೂ ತಾನು ರೂಪಿಸಿದ ತಳಿಯನ್ನು ನೋಂದಾಯಿಸಬಹುದು.

ಇದಕ್ಕೆ ಕಾರಣವಿಲ್ಲದಿಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ ಎಂಬ ಸಣ್ಣ ರೈತರು 1983ರಲ್ಲಿ ತಮ್ಮ ಗದ್ದೆಯ ಪಟೇಲ್-3 ಭತ್ತದ ನಡುವೆ ಬೇರೆ ಬಗೆಯ ತೆನೆಗಳನ್ನು ಕಂಡು, ಆರಿಸಿ, ವರ್ಷಗಟ್ಟಲೆ ಬೆಳೆದು ಒಂದು ಸಣ್ಣಕ್ಕಿ ತಳಿಯನ್ನು ರೂಪಿಸಿದರು. ಅವರಿಂದ ಬೀಜ ಪಡೆದವರು ಬೆಳೆದು ಮಾರಿದರು. ಹೆಸರಿಲ್ಲದ ಆ ಭತ್ತಕ್ಕೆ ಆಗ ಮನೆಮಾತಾಗಿದ್ದ ಎಚ್.ಎಂ.ಟಿ. ಕೈಗಡಿಯಾರದ ಹೆಸರು ಅಂಟಿಕೊಂಡಿತು. ಬೆಂಗಳೂರಿನ ಕಾರ್ಖಾನೆಯ ಹೆಸರು ಹೊತ್ತ ಆ ಭತ್ತ ಹಲವು ರಾಜ್ಯಗಳಲ್ಲಿ ಹರಡಿತು. ತಳಿ ಕಂಡುಹಿಡಿದವರಿಗೆ ಅದರಿಂದ ಬಂದ ಹಣ ಅತ್ಯಲ್ಪ. 2018ರಲ್ಲಿ ಅವರು ತೀರಿಕೊಂಡಾಗಲೂ ಅವರ ಮನೆಯಲ್ಲಿ ಬಡತನವಿತ್ತು. ರೈತನಿಂದ ರೈತನಿಗೆ ಸಾಗುವ ಬೀಜ ಎಷ್ಟು ದೂರ ಹೋಗಬಲ್ಲದು, ಅದನ್ನು ಕೊಟ್ಟವನು ಎಷ್ಟು ಬೇಗ ಮರೆತುಹೋಗಬಲ್ಲನು ಎಂಬ ಎರಡನ್ನೂ ಈ ಕಥೆ ತಿಳಿಸುತ್ತದೆ.

2001ರ ಕಾಯ್ದೆಯ 39ನೆಯ ಕಲಮು ರೈತನ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ. ನೋಂದಾಯಿತ ತಳಿಯೇ ಆಗಿದ್ದರೂ ರೈತನು ತನ್ನ ಫಸಲನ್ನು, ಬೀಜವನ್ನೂ ಸೇರಿಸಿ, ಉಳಿಸಿಕೊಳ್ಳಬಹುದು, ಬಿತ್ತಬಹುದು, ಮರುಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ತಡೆ ಒಂದೇ: ಅದನ್ನು ಪೊಟ್ಟಣ ಕಟ್ಟಿ, ಇದು ಇಂಥ ಸಂರಕ್ಷಿತ ತಳಿ ಎಂದು ಚೀಟಿ ಅಂಟಿಸಿ ಬ್ರಾಂಡಿನ ಬೀಜವಾಗಿ ಮಾರಕೂಡದು. ಸಂರಕ್ಷಿತ ತಳಿಯೆಂಬುದು ತಿಳಿಯದೆ ತಪ್ಪು ಮಾಡಿದ ರೈತನಿಗೆ 42ನೆಯ ಕಲಮು ರಕ್ಷಣೆ ನೀಡುತ್ತದೆ.

ಗುಜರಾತಿನ ಆಲೂಗಡ್ಡೆ ಮೊಕದ್ದಮೆ

ಈ ಹಕ್ಕು ಪರೀಕ್ಷೆಗೆ ಒಳಗಾದುದು ಗುಜರಾತಿನಲ್ಲಿ. ಪೆಪ್ಸಿಕೋ ಇಂಡಿಯಾ ಕಂಪನಿಯು ಚಿಪ್ಸ್ ತಯಾರಿಕೆಗೆ ಬಳಸುವ ಎಫ್.ಎಲ್.-2027 ಎಂಬ ಆಲೂಗಡ್ಡೆ ತಳಿಯನ್ನು 2016ರಲ್ಲಿ ನೋಂದಾಯಿಸಿಕೊಂಡಿತ್ತು. ತನ್ನ ಅನುಮತಿಯಿಲ್ಲದೆ ಈ ತಳಿಯನ್ನು ಬೆಳೆದರೆಂದು ಅದು ಕೆಲವು ರೈತರ ಮೇಲೆ ಮೊಕದ್ದಮೆ ಹೂಡಿತು. 2019ರ ಏಪ್ರಿಲ್ ಹೊತ್ತಿಗೆ ಸುದ್ದಿಯಾದ ದಾವೆಯಲ್ಲಿ ಸಾಬರಕಾಂಠ ಜಿಲ್ಲೆಯ ನಾಲ್ವರು ರೈತರಿಂದ ತಲಾ 1 ಕೋಟಿ 5 ಲಕ್ಷ ರೂಪಾಯಿ ಪರಿಹಾರ ಕೇಳಲಾಗಿತ್ತು. ಮೂರು ನಾಲ್ಕು ಎಕರೆಯ ಬೇಸಾಯಗಾರನಿಗೆ ಇದು ಏಳೇಳು ಜನ್ಮ ದುಡಿದರೂ ಕೂಡದ ಮೊತ್ತ. ದೇಶದೆಲ್ಲೆಡೆ ವಿರೋಧ ವ್ಯಕ್ತವಾಗಿ 2019ರ ಮೇ ತಿಂಗಳಲ್ಲಿ ಕಂಪನಿಯು ದಾವೆಗಳನ್ನು ಹಿಂತೆಗೆದುಕೊಂಡಿತು.

ಅನಂತರ ಕವಿತಾ ಕುರುಗಂಟಿ ಅವರ ಅರ್ಜಿಯ ಮೇಲೆ ತಳಿ ಸಂರಕ್ಷಣಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ ಆ ನೋಂದಣಿಯನ್ನು ರದ್ದುಪಡಿಸಿತು. 2023ರ ಜುಲೈನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ರದ್ದತಿಯನ್ನು ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠ ಕಂಪನಿಯ ಪರವಾಗಿ ತೀರ್ಪು ನೀಡಿತು. ಈ ತೀರ್ಪುಗಳು ನೋಂದಣಿ ಸರಿಯೋ ತಪ್ಪೋ ಎಂಬುದನ್ನು ಕುರಿತವು. ನೋಂದಣಿ ಉಳಿದರೂ 39ನೆಯ ಕಲಮು ಪುಸ್ತಕದಿಂದ ಅಳಿಸಿಹೋಗುವುದಿಲ್ಲ ಎಂಬುದನ್ನು ರೈತರು ಗಮನಿಸಬೇಕು. ಆದರೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದು ತನಗಿದೆ ಎಂದು ಹೇಳಲು ರೈತನಿಗೆ ತಿಳಿದಿರಬೇಕು.

ಗೆರೆ ಸರಿದೀತೇ?

ಗೆರೆಯನ್ನು ಹೊಸ್ತಿಲ ಒಳಕ್ಕೆ ತರುವ ಯತ್ನವೂ ಒಮ್ಮೆ ನಡೆದಿತ್ತು. 2004ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಬೀಜ ಮಸೂದೆಯು ರೈತ ಮಾರುವ ಬೀಜಕ್ಕೂ ಕನಿಷ್ಠ ಮೊಳಕೆ ಮತ್ತು ಶುದ್ಧತೆಯ ಷರತ್ತು ಹಾಕಲು ಹೊರಟಿತ್ತು. ವಿರೋಧ ಬಂದಿತು. ಮಸೂದೆ ಕಾಯ್ದೆಯಾಗಲಿಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಹೊಸ ಬೀಜ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ರೈತನು ತನ್ನ ಬೀಜವನ್ನು ಉಳಿಸುವ, ಹಂಚುವ, ಮಾರುವ ಹಕ್ಕನ್ನು ಆ ಕರಡಿನಲ್ಲಿಯೂ ಉಳಿಸಿ, ಬ್ರಾಂಡಿನ ಹೆಸರಿನಲ್ಲಿ ಮಾರುವುದನ್ನು ಮಾತ್ರ ಹೊರಗಿಡಲಾಗಿತ್ತು. ಕಾಯ್ದೆಗಳು ಬದಲಾಗುವಾಗ ರೈತ ಸಂಘಗಳೂ ವಿಸ್ತರಣಾ ಕಾರ್ಯಕರ್ತರೂ ಮೊದಲು ಹುಡುಕಿ ಓದಬೇಕಾದುದು ಈ ಒಂದು ಕಲಮನ್ನು.

ಮಾರುವ ರೈತನ ಹೊಣೆ

ಅಂಗಡಿಯಲ್ಲಿ ಬೀಜ ಕೊಂಡವನ ಕೈಯಲ್ಲಿ ರಸೀದಿ ಇರುತ್ತದೆ, ಚೀಟಿ ಇರುತ್ತದೆ. ಬೀಜ ಕೈಕೊಟ್ಟರೆ ರೈತನೂ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಹೇಳಿದೆ. ನೆರೆಯವನ ಅಟ್ಟದಿಂದ ಬೀಜ ಒಯ್ದವನ ಕೈಯಲ್ಲಿ ಇರುವುದು ನೆರೆಯವನ ಮಾತೊಂದೇ. ಕಾಯ್ದೆ ಹೊಸ್ತಿಲ ಹೊರಗೆ ನಿಂತಿರುವುದು ಈ ಮಾತನ್ನು ನಂಬಿ. ಆದುದರಿಂದ ಪರವಾನಗಿ ಬೇಡವೆಂದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಲ್ಲ. ಬೀಜ ಮಾರಲಿಚ್ಛಿಸುವ ರೈತರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಸಂಕರಣ ತಳಿಯ ಫಸಲನ್ನು ಬೀಜವಾಗಿ ಇಡಬಾರದು, ಕೊಡಬಾರದು. ಎರಡನೆಯ ಪೀಳಿಗೆಯಲ್ಲಿ ಗುಣಗಳು ಒಡೆದು ಬೆಳೆ ಏರುಪೇರಾಗುತ್ತದೆ. ಭತ್ತ, ರಾಗಿ, ಶೇಂಗಾ, ಕಡಲೆಯಂತಹ ಬೆಳೆಗಳ ಸುಧಾರಿತ ತಳಿಗಳು ಮತ್ತು ನಾಟಿ ತಳಿಗಳು ಇದಕ್ಕೆ ಸೂಕ್ತ.

2. ಸರಕಾರದ ಅನುಮತಿ ಪಡೆಯದ ಕುಲಾಂತರಿ ಹತ್ತಿಯ ಬೀಜವನ್ನು ಮನೆಯಲ್ಲಿಯೂ ಮಾರಬಾರದು. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ವಿಷಯ. ಹೊಸ್ತಿಲ ವಿನಾಯಿತಿ ಅಲ್ಲಿ ನೆರವಾಗದು.

3. ಬೀಜಕ್ಕೆಂದು ಹೊಲದ ಒಂದು ಭಾಗವನ್ನು ಮೊದಲೇ ಗುರುತಿಸಬೇಕು. ಭತ್ತ, ರಾಗಿ, ಶೇಂಗಾಗಳಿಗೆ ಬೇರೆ ತಳಿಯಿಂದ 3 ಮೀಟರ್ ಅಂತರ ಸಾಕು. ತೊಗರಿಯಲ್ಲಿ ಜೇನುನೊಣಗಳಿಂದ ಪರಕೀಯ ಪರಾಗಸ್ಪರ್ಶವಾಗುವುದರಿಂದ ಕನಿಷ್ಠ 100 ಮೀಟರ್ ಬೇಕು.

4. ಹೂ ಬಿಡುವಾಗ ಮತ್ತು ಕೊಯ್ಲಿಗೆ ಮೊದಲು ಬೆರಕೆ ಗಿಡಗಳನ್ನೂ ರೋಗ ತಗುಲಿದ ಗಿಡಗಳನ್ನೂ ಕಿತ್ತು ಹಾಕಬೇಕು. ಕೊಳ್ಳಬಯಸುವವರನ್ನು ಈ ಸಮಯದಲ್ಲಿಯೇ ಹೊಲಕ್ಕೆ ಕರೆದು ತೋರಿಸುವುದು ಯಾವ ಮುದ್ರೆಗೂ ಕಡಮೆಯಲ್ಲ.

5. ಕಣವನ್ನೂ ಚೀಲಗಳನ್ನೂ ಸ್ವಚ್ಛ ಮಾಡಿಯೇ ಬೀಜದ ಒಕ್ಕಣೆಗೆ ತೊಡಗಬೇಕು. ಬೆರಕೆ ಹೆಚ್ಚಾಗಿ ಸೇರುವುದು ಕಣದಲ್ಲಿ.

6. ಚೆನ್ನಾಗಿ ಒಣಗಿಸಬೇಕು. ಪ್ರಮಾಣಿತ ಬೀಜದಲ್ಲಿ ತೇವಾಂಶವು ಭತ್ತದಲ್ಲಿ ಶೇಕಡ 13, ರಾಗಿಯಲ್ಲಿ 12, ಶೇಂಗಾ ಮತ್ತು ತೊಗರಿಯಲ್ಲಿ 9ಕ್ಕಿಂತ ಹೆಚ್ಚಿರಕೂಡದು. ಶೇಂಗಾವನ್ನು ಕಾಯಿಯಾಗಿಯೇ ಇಟ್ಟು ಬಿತ್ತನೆಗೆ ಮುಂಚೆ ಸುಲಿಯಬೇಕು.

7. ಮಾರುವ ಮುಂಚೆ ಮೊಳಕೆ ಪರೀಕ್ಷೆ ತಪ್ಪದೆ ಮಾಡಬೇಕು. ಆರಿಸದೆ ತೆಗೆದ 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಿನಲ್ಲಿರಿಸಿ, ತೇವ ಆರದಂತೆ ನೋಡಿಕೊಳ್ಳಬೇಕು. ತೊಗರಿಗೆ 6 ದಿನ, ರಾಗಿಗೆ 8, ಶೇಂಗಾಕ್ಕೆ 10, ಭತ್ತಕ್ಕೆ 14 ದಿನಗಳ ನಂತರ ಗಟ್ಟಿಯಾದ ಮೊಳಕೆಗಳನ್ನು ಎಣಿಸಬೇಕು. ಭತ್ತದಲ್ಲಿ 80, ರಾಗಿ ಮತ್ತು ತೊಗರಿಯಲ್ಲಿ 75, ಶೇಂಗಾದಲ್ಲಿ 70ಕ್ಕಿಂತ ಕಡಮೆ ಬಂದರೆ ಅದನ್ನು ಕಾಳೆಂದು ಮಾರುವುದೇ ಲೇಸು.

8. ಯಾವ ತಳಿ, ಯಾವ ಹೊಲ, ಕೊಯ್ದ ದಿನ, ಮೊಳಕೆ ಎಷ್ಟು, ಯಾರಿಗೆ ಎಷ್ಟು ಕೊಟ್ಟಿತು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ತಕರಾರು ಬಂದರೆ ಮಾರಿದವನನ್ನು ಕಾಪಾಡುವುದು ಈ ಪುಸ್ತಕ.

ಗುಂಪಾಗಿ ಮಾರುವುದಾದರೆ

ಮಹಿಳಾ ಸಂಘಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳು ಸದಸ್ಯರ ಬೀಜವನ್ನು ಒಟ್ಟುಗೂಡಿಸಿ, ಪೊಟ್ಟಣ ಕಟ್ಟಿ, ತಮ್ಮ ಹೆಸರಿನಲ್ಲಿ ಮಾರುವ ಯೋಚನೆ ಮಾಡುತ್ತಿರುವುದು ಸ್ವಾಗತಾರ್ಹ. ಆದರೆ ಸಂಘವು ಸದಸ್ಯನಿಂದ ಕೊಂಡ ಬೀಜ "ತಾನೇ ಬೆಳೆದ" ಬೀಜವಾಗುವುದಿಲ್ಲ. ಅಲ್ಲಿ ಹೊಸ್ತಿಲ ವಿನಾಯಿತಿ ಮುಗಿದು ವ್ಯಾಪಾರ ಆರಂಭವಾಗುತ್ತದೆ. ಆದುದರಿಂದ ಪೊಟ್ಟಣಗಳನ್ನು ಅಚ್ಚು ಹಾಕಿಸುವ ಮೊದಲೇ ಕೃಷಿ ಇಲಾಖೆಯಲ್ಲಿ ಪರವಾನಗಿ ಪಡೆಯಬೇಕು. ಒಬ್ಬನಿಗೆ ಹೊರೆಯಾಗುವ ಖರ್ಚು ಹತ್ತಾರು ಜನರಲ್ಲಿ ಹಂಚಿದಾಗ ಹಗುರವಾಗುತ್ತದೆ. ರಾಜ್ಯ ಬೀಜ ನಿಗಮದಂತಹ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ಬೀಜ ಬೆಳೆದು ಕೊಡುವುದು ಇನ್ನೊಂದು ದಾರಿ. ಅಲ್ಲಿ ಚೀಟಿಯ ಹೊಣೆ ಸಂಸ್ಥೆಯದು, ಹೊಲದ ಹೊಣೆ ರೈತನದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ರೈತನೊಬ್ಬ ಬೀಜ ಮಾರುವ ಬಗ್ಗೆ ಕೇಳಿದಾಗ "ಕೂಡದು" ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ಸುಲಭ. ಅದರ ಬದಲು ಬೆಳೆದವರು ಯಾರು, ಎಲ್ಲಿ ಮಾರಾಟ, ಯಾರಿಗೆ, ಯಾತಕ್ಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸರಿಯಾದ ಉತ್ತರ ತಾನಾಗಿಯೇ ಹೊರಡುತ್ತದೆ.

ಹೊಲವನ್ನು ಕಾಣದೆ ಕೊಳ್ಳುವವನಿಗೆ ಕಾಯ್ದೆಯ ಕಾವಲು ಬೇಕು. ಬದುವಿನ ಮೇಲೆ ನಿಂತು ಬೆಳೆ ನೋಡಿ ಕೊಳ್ಳುವವನಿಗೆ ಬೆಳೆದವನ ನಂಬಿಕೆ ಸಾಕು. ಆ ನಂಬಿಕೆಯನ್ನು ಉಳಿಸಿಕೊಂಡಷ್ಟು ಕಾಲ ರೈತನ ಅಟ್ಟದ ಬೀಜಕ್ಕೆ ಯಾರ ಮುದ್ರೆಯೂ ಬೇಕಾಗದು. ಒಂದು ಹಂಗಾಮಿನಲ್ಲಿ ಬೆರಕೆ ಬೀಜ ಕೊಟ್ಟು ಅದನ್ನು ಕಳೆದುಕೊಂಡರೆ, ಗೆರೆಯನ್ನು ಹೊಸ್ತಿಲ ಒಳಕ್ಕೆ ಸರಿಸಬೇಕೆನ್ನುವವರಿಗೆ ರೈತನೇ ಕಾರಣ ಒದಗಿಸಿದಂತಾಗುತ್ತದೆ. ಬರುವ ಮುಂಗಾರಿಗೆ ಮೊದಲು ಪ್ರತಿಯೊಬ್ಬ ರೈತರೂ ತಮ್ಮ ಮನೆಯ ಬೀಜದಿಂದ ನೂರು ಕಾಳು ತೆಗೆದು ಮೊಳಕೆಗೆ ಇಡಲಿ.